ಪರೇಲಿನ ಚಾಳು, ಸ್ಟಾಕ್‌ಹೋಮಿನ ಸಂತೆ

ನಮ್ಮ ಮುಂಬಯಿಯಲ್ಲಿ ಚಳಿಗಾಲ ಅಂದರೆ ಫ್ಯಾನಿನ ರೆಗ್ಯುಲೇಟರನ್ನು ಐದರಿಂದ ಮೂರಕ್ಕೆ ತಿರುಗಿಸುವುದು, ಅಷ್ಟೇ! ಬಿ.ಕಾಂ. ಮುಗಿಸಿ ಊರಿನ ಬಸ್ಸು ಹತ್ತಿ ಪರೇಲಿಗೆ ಬಂದು 35 ವರ್ಷ ದಾಟಿತು, ನಾನಿನ್ನೂ ಒಂದು ಸ್ವೆಟರ್ ಕೊಂಡಿಲ್ಲ. ಆದರೆ ಮಗಳಿರುವುದು ಸ್ಟಾಕ್‌ಹೋಮಿನಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು. "ಅಪ್ಪ, ಈ ಸಲ ಅಮ್ಮನ್ನ ಕರ್ಕೊಂಡು ಬನ್ನಿ, ಶನಿವಾರ ಭಾನುವಾರ ಕ್ರಿಸ್ಮಸ್ ಸಂತೆ ಸುತ್ತೋಣ" ಎಂದು 2025ರ ಅಕ್ಟೋಬರಿನಿಂದಲೇ ಶುರುಮಾಡಿದ್ದಳು.

ಅಲ್ಲಿ ಸ್ಕಾನ್ಸೆನ್ ಅಂತ ಒಂದು ಬಯಲು ಮ್ಯೂಸಿಯಂ ಇದೆ. 1891ರಲ್ಲಿ ಶುರುವಾದದ್ದು. ದೇಶದ ಮೂಲೆಮೂಲೆಯ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. 1903ರಿಂದ ಅಲ್ಲಿ ಕ್ರಿಸ್ಮಸ್ ಸಂತೆ ನಡೆಯುತ್ತಿದೆ. ಶುಂಠಿ ಬಿಸ್ಕತ್ತು, ಕೇಸರಿ ಹಾಕಿದ ಬನ್ನು, ಏಲಕ್ಕಿ ಲವಂಗ ಚಕ್ಕೆ ಹಾಕಿ ಬಿಸಿ ಮಾಡಿದ ದ್ರಾಕ್ಷಾರಸ. ಕೇಳುತ್ತಿದ್ದರೆ ನಮ್ಮ ಕಷಾಯದ ದೂರದ ಸಂಬಂಧಿ ಅನ್ನಿಸುತ್ತದೆ!

ಆದರೂ ನಾವು ಹೋಗಲಿಲ್ಲ. ರಜೆ ಸಿಗಲಿಲ್ಲ ಅಂತ ಅವಳಿಗೆ ಹೇಳಿದೆ, ಅದೂ ಸುಳ್ಳಲ್ಲ. ಆದರೆ ದೊಡ್ಡ ಕಾರಣ ನಮ್ಮ ಚಾಳು. ರಿಡೆವಲಪ್‌ಮೆಂಟಿಗೆ ಎಲ್ಲರ ಸಹಿ ಆಗಿ, ಜನವರಿಯಲ್ಲಿ ಖಾಲಿ ಮಾಡಬೇಕೆಂದು ನೋಟಿಸು ಬಂದಿತ್ತು. ಅಂದರೆ ಪಕ್ಕದ ಕೋಣೆಯ ಬಾಯಮ್ಮನ ಜೊತೆ ಇದೇ ಕಡೇ ಕ್ರಿಸ್ಮಸ್.

ಬಾಯಮ್ಮ ಕಿನ್ನಿಗೋಳಿ ಕಡೆಯವರು, ಎಂಬತ್ತು ದಾಟಿದೆ. ಗಂಡ ಗಿರಣಿ ಕಾರ್ಮಿಕರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಷ್ಕರ ಶುರುವಾದಾಗ ಹೊರಬಂದ ಸುಮಾರು ಎರಡೂವರೆ ಲಕ್ಷ ಜನರಲ್ಲಿ ಅವರೂ ಒಬ್ಬರು, ಮತ್ತೆ ಒಳಗೆ ಹೋಗಲೇ ಇಲ್ಲ. ಬಾಯಮ್ಮ ಹೊಲಿಗೆ ಮಿಷನ್ನಿನಲ್ಲಿ ಮೂರು ಮಕ್ಕಳನ್ನು ಓದಿಸಿದರು. ಮನೆಗೆ ತಪ್ಪದೆ ಬರುತ್ತಿದ್ದದ್ದು ಮಂಗಳೂರಿನ 'ರಾಕ್ಣೊ', 1938ರಿಂದ ಬರುತ್ತಿರುವ ಕೊಂಕಣಿ ವಾರಪತ್ರಿಕೆ, ಅಚ್ಚಾಗುವುದು ಕನ್ನಡ ಲಿಪಿಯಲ್ಲಿ. ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ನನ್ನ ಮಗಳು ಕನ್ನಡ ಅಕ್ಷರ ಕೂಡಿಸಿ ಓದಲು ಕಲಿತದ್ದು ಅದರಲ್ಲೇ! ಅರ್ಥ ಒಂದಕ್ಷರ ಗೊತ್ತಿಲ್ಲ, ಓದುವುದು ಮಾತ್ರ ಗಟ್ಟಿಯಾಗಿ. ಬಾಯಮ್ಮ ಹೊಲಿಯುತ್ತಾ ಕೇಳುತ್ತಾ ಕೂರುತ್ತಿದ್ದರು.

ಗಣಪತಿಗೆ ಮೋದಕ, ದೀಪಾವಳಿಗೆ ಫರಾಳ, ಕ್ರಿಸ್ಮಸ್ಸಿಗೆ ಬಾಯಮ್ಮನ ಕುಸ್ವಾರ್. ಇದು ನಮ್ಮ ಮಾಳಿಗೆಯ ಕ್ಯಾಲೆಂಡರು. ಆದರೆ ಎರಡು ವರ್ಷದಿಂದ ಅವರ ಕೈ ನಡುಗುತ್ತದೆ, ಕಣ್ಣೂ ಮಂಜು. ಬೇಕರಿಯ ಕೇಕು ಹಂಚಿ ಮುಗಿಸುತ್ತಿದ್ದರು. ಈ ಸಲ ನನ್ನ ಹೆಂಡತಿ, "ನೀವು ಕುರ್ಚಿಯಲ್ಲಿ ಕೂತು ಹೇಳಿ, ನಾನು ಮಾಡ್ತೇನೆ" ಎಂದಳು. ಹಾಗಾಗಿ ನಮ್ಮದೂ ಒಂದು ವೀಕೆಂಡ್ ಕ್ರಿಸ್ಮಸ್ ಸಂತೆ ಆಯಿತು ನೋಡಿ.

ಡಿಸೆಂಬರ್ 13, ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಪರೇಲಿನಿಂದ ಲೋಕಲ್ ಹಿಡಿದು ಸಿ.ಎಸ್.ಎಂ.ಟಿ., ಅಲ್ಲಿಂದ ನಡೆದು ಕ್ರಾಫರ್ಡ್ ಮಾರ್ಕೆಟ್. 1869ರ ಕಟ್ಟಡ. ಬಾಗಿಲ ಮೇಲಿನ ಕಲ್ಲಿನ ಕೆತ್ತನೆಗಳು ರಡ್‌ಯಾರ್ಡ್ ಕಿಪ್ಲಿಂಗನ ತಂದೆ ಲಾಕ್‌ವುಡ್ ಕಿಪ್ಲಿಂಗ್ ವಿನ್ಯಾಸ ಮಾಡಿದ್ದು. ಈಗ ಅದಕ್ಕೆ ಮಹಾತ್ಮಾ ಜ್ಯೋತಿಬಾ ಫುಲೆ ಮಂಡಿ ಎಂದು ಹೆಸರು, ಆದರೆ ಟ್ಯಾಕ್ಸಿಯವನಿಗೆ ಹಾಗೆ ಹೇಳಿ ನೋಡಿ! ರೋಸ್ ಕುಕ್ಕೀಸಿನ ಅಚ್ಚು, ಒಣದ್ರಾಕ್ಷಿ, ಗೋಡಂಬಿ ಕೊಂಡೆವು. ಹೆಂಡತಿ ಅಚ್ಚಿಗೆ ಮರಾಠಿಯಲ್ಲಿ ಚೌಕಾಶಿ ಮಾಡಿ ನಲವತ್ತು ರೂಪಾಯಿ ಇಳಿಸಿದಳು.

ಅಂದು ರಾತ್ರಿ ಮಗಳು ವಿಡಿಯೋದಲ್ಲಿ ಬಂದಳು. ನಮಗೆ ಎಂಟೂವರೆ, ಅವಳಿಗೆ ಸಂಜೆ ನಾಲ್ಕು, ಆಗಲೇ ಕಪ್ಪು ಕತ್ತಲು. ಬಿಳಿ ನಿಲುವಂಗಿಯ ಹುಡುಗಿಯರು ಸಾಲಾಗಿ ಹಾಡುತ್ತಾ ಬರುತ್ತಿದ್ದರು, ಮುಂದಿನವಳ ತಲೆಯ ಮೇಲೆ ಮೋಂಬತ್ತಿಯ ಕಿರೀಟ. "ಇವತ್ತು ಲೂಸಿಯಾ ಹಬ್ಬ ಬಾಯಮ್ಮಾ" ಎಂದಳು. ಬಾಯಮ್ಮ ಫೋನನ್ನು ಮೂಗಿನ ಹತ್ತಿರ ಹಿಡಿದು, "ಸಾಂತಾ ಲೂಸಿಯಾ! ಕಣ್ಣಿಗೆ ಪ್ರಾರ್ಥನೆ ಮಾಡುವುದು ಇವಳಿಗೇ ಅಲ್ವಾ ಮಗಾ? ನನ್ನ ಹೆಸರು ಹೇಳು ಅಲ್ಲಿ" ಎಂದರು. ಇಟಲಿಯ ಸಿಸಿಲಿಯ ಸಂತೆ, ಲೂಥರನ ಪಂಥದ ಸ್ವೀಡನ್ನಿನಲ್ಲಿ ಅವಳಿಗೆ ಹಬ್ಬ! ಮಗಳು ಆ ಕಡೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಖಂಡಿತ ಹೇಳ್ತೇನೆ" ಅಂದಳು.

ಭಾನುವಾರ ಪ್ರಭಾದೇವಿ ಸ್ಟೇಷನ್ನಿನಿಂದ ಬಾಂದ್ರಾ. ಹಿಲ್ ರೋಡಿನ ಫುಟ್‌ಪಾತ್ ತುಂಬಾ ನಕ್ಷತ್ರಗಳು, ಹುಲ್ಲಿನ ಗೋದಲಿಗಳು, ಪ್ಲಾಸ್ಟಿಕ್ ಮರಗಳು, ಹತ್ತಿಯ ಹಿಮ. ಬಿಸಿಲಿಗೆ ಸಾಂತಾ ಕ್ಲಾಸ್ ವೇಷದ ಹುಡುಗ ಗಡ್ಡ ಕೆಳಗೆಳೆದು ಕಬ್ಬಿನ ಹಾಲು ಕುಡಿಯುತ್ತಿದ್ದ. ಎಲ್ಲಾ ಎಲ್‌ಇಡಿ ನಕ್ಷತ್ರಗಳೇ. ಬಾಯಮ್ಮನಿಗೆ ಬೇಕಾದ ಕಾಗದದ್ದು ಹುಡುಕಲು ಒಂದು ಗಂಟೆ ಹಿಡಿಯಿತು.

ಮುಂದಿನ ವಾರ ನಮ್ಮ ಅಡಿಗೆಮನೆ ಬಾಯಮ್ಮನ ವಶ. ಹೊಸ ಅಚ್ಚನ್ನು ಒಂದು ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡಬೇಕು. ಬಿಸಿ ಎಣ್ಣೆಯಲ್ಲಿ ಕಾಯಿಸಿ ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಬೇಕು, ಪೂರ್ತಿ ಮುಳುಗಿದರೆ ಬಿಡುವುದೇ ಇಲ್ಲ. ಕಿಡಿಯೊ ಉರುಳಿಸಲು ಹೊಸ ಬಾಚಣಿಗೆ. ನೆವ್ರಿ ಅಂದರೆ ನಮ್ಮ ಕರ್ಜಿಕಾಯಿಯೇ, ಅದರಲ್ಲಿ ಹೆಂಡತಿಗೆ ಪಾಠ ಬೇಕಾಗಲಿಲ್ಲ. ಶಬ್ದ ಕೇಳಿಯೇ "ಎಣ್ಣೆ ಕಾಯ್ತು, ಉರಿ ಇಳಿಸು" ಅನ್ನುತ್ತಿದ್ದರು ಬಾಯಮ್ಮ. ಕ್ರಿಸ್ಮಸ್ ದಿನ ಹದಿನೆಂಟು ಕೋಣೆಗೂ ತಟ್ಟೆ ಹೋಯಿತು. ಹೊತ್ತವನು ನಾನು, ಕೊಟ್ಟವರು ಅವರು. ಬಾಗಿಲು ಬಾಗಿಲಿಗೂ ಗೋಡೆ ಹಿಡಿದು ಬಂದರು.

ಬಾಯಮ್ಮನ ಟೆಂಪೋ ಬಂದದ್ದು ಸಂಕ್ರಾಂತಿ ಕಳೆದು ಮೂರು ದಿನಕ್ಕೆ, ವಸಾಯಿಯ ಮಗಳ ಮನೆಗೆ. ಹೊಲಿಗೆ ಮಿಷನ್ನು, ಗೋದಲಿಯ ಪೆಟ್ಟಿಗೆ, ರಾಕ್ಣೊದ ಕಟ್ಟುಗಳು ಏರಿದವು. ಅಚ್ಚು ನಮ್ಮಲ್ಲೇ ಇರಲಿ ಎಂದರು, ಮಗಳು ಬಂದಾಗ ಕೊಡಬೇಕಂತೆ. ಅವರ ಕುಸ್ವಾರಿನ ಡಬ್ಬಿ ಇನ್ನೂ ನಮ್ಮ ಮನೆಯಲ್ಲಿತ್ತು. ಖಾಲಿ ಡಬ್ಬಿ ವಾಪಸು ಕೊಡುವ ರೂಢಿ ನಮ್ಮ ಮಾಳಿಗೆಯಲ್ಲಿ ಇಲ್ಲ. ಹೆಂಡತಿ ತುಂಬಾ ಎಳ್ಳುಂಡೆ ಹಾಕಿ, ಟೆಂಪೋದ ಮುಂದಿನ ಸೀಟಿನಲ್ಲಿ ಅವರ ಮಡಿಲಿಗೇ ಇಟ್ಟಳು.