ಹಳೆಯ ಗಣಕದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ಕಿವಿಗೆ ಬಿದ್ದೊಡನೆ ನಾಡಿನ ಜನರ ಕಣ್ಣ ಮುಂದೆ ನಿಲ್ಲುವುದು ಶಿಥಿಲಗೊಂಡ ಗುಡಿ, ಮೆಟ್ಟಿಲು ಕುಸಿದ ಕಲ್ಯಾಣಿ, ಹೆಚ್ಚೆಂದರೆ ಹುಳು ತಿಂದ ತಾಳೆಗರಿಯ ಕಟ್ಟು. ಯಲಹಂಕ ಉಪನಗರದ ಒಂದು ಮನೆಯ ಮಾಳಿಗೆಯ ಮೇಲೆ, ತಗಡಿನ ಸೂರಿನ ಸಣ್ಣ ಕೊಠಡಿಯೊಂದರಲ್ಲಿ, ಈ ಶಬ್ದಕ್ಕೆ ಸರ್ವಥಾ ಯೋಗ್ಯವಾದ ಬೇರೊಂದು ಕೆಲಸ ಹಲವು ವರ್ಷಗಳಿಂದ ನಡೆದು ಬಂದಿದೆ. ಅಲ್ಲಿ ಉದ್ಧಾರಗೊಳ್ಳುವ ವಸ್ತುಗಳು ಕಲ್ಲಿನವಲ್ಲ, ಗರಿಯವೂ ಅಲ್ಲ. ಜನ ಕೈಬಿಟ್ಟ ಹಳೆಯ ಗಣಕಯಂತ್ರಗಳು, ಅವುಗಳ ಮುದ್ರಕಗಳು, ಫ್ಲಾಪಿ ಚಾಲಕಗಳು ಮತ್ತು ಹಸಿರು ಅಕ್ಷರ ತೋರುವ ಗಾಜಿನ ತೆರೆಗಳು.

ಈ ಕೆಲಸವನ್ನು ಕೈಗೊಂಡಿರುವ ಹಿರಿಯರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ತಂತ್ರಜ್ಞರಾಗಿದ್ದು ನಿವೃತ್ತರಾದವರು. ಜಾಲಹಳ್ಳಿಯೆಂದರೆ ಸಾಮಾನ್ಯ ಸ್ಥಳವಲ್ಲ. 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅಲ್ಲಿ ಕಾಲೂರಿದ ಮೇಲೆ ಸುತ್ತಣ ಹಳ್ಳಿಗಳ ಹುಡುಗರು ನೇಗಿಲ ಮೇಳಿ ಬಿಟ್ಟು ಬೆಸುಗೆಯ ಕಡ್ಡಿ ಹಿಡಿದರು. ರೇಡಿಯೋ ಕವಾಟ, ಟ್ರಾನ್ಸಿಸ್ಟರು, ದೂರದರ್ಶನದ ಚಿತ್ರನಾಳ, ಕೈಗಡಿಯಾರ ಇವೆಲ್ಲವೂ ಆ ನೆಲದಲ್ಲಿ ತಯಾರಾದುವು. ಯಲಹಂಕ, ಯಶವಂತಪುರ, ಹೆಬ್ಬಾಳಗಳ ಬೀದಿಗಳಲ್ಲಿ ರೇಡಿಯೋ ರಿಪೇರಿ ಬಲ್ಲವರು ಹೇರಳವಾಗಿದ್ದುದಕ್ಕೆ ಇದೇ ಕಾರಣ. ಯಂತ್ರ ಕೆಟ್ಟರೆ ಬಿಚ್ಚಿ ನೋಡಬೇಕು, ಎಸೆಯಬಾರದು ಎಂಬ ಸಂಸ್ಕಾರವನ್ನು ಕಾರ್ಖಾನೆಯೇ ಕಲಿಸಿತೆಂದು ಹಿರಿಯರು ಹೇಳುವುದುಂಟು.

ಅವರ ಮೊದಲ ಉದ್ಧಾರಕ್ಕೆ ಒಳಗಾದದ್ದು ಒಂದು ಶಾಲಾ ಗಣಕ. ಶಿಕ್ಷಕರಾದ ವಾಚಕರಲ್ಲಿ ಹಿರಿಯರಿಗೆ ನೆನಪಿರಬಹುದು: ಕೇಂದ್ರ ಸರ್ಕಾರವು 1984-85ರಲ್ಲಿ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ, ಮೊದಲಿಗೆ ದೇಶದ 250 ಪ್ರೌಢಶಾಲೆಗಳಿಗೆ ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯ ಬಿ.ಬಿ.ಸಿ. ಮೈಕ್ರೋ ಎಂಬ ಗಣಕಗಳನ್ನು ಒದಗಿಸಿತು. ಅದರ ಸ್ಮೃತಿಯ ಗಾತ್ರ 32 ಕಿಲೋಬೈಟು ಮಾತ್ರ. ಇಂದಿನ ಕೈಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರವೂ ಅದರಲ್ಲಿ ಹಿಡಿಸಲಾರದು. ಬಹಳ ಕಡೆ ಈ ಯಂತ್ರಗಳು ಕೆಲವೇ ವರ್ಷ ತರಗತಿಯಲ್ಲಿದ್ದು, ಆಮೇಲೆ ಮುರಿದ ಬೆಂಚು, ಹರಿದ ಭೂಪಟಗಳ ಜೊತೆ ಉಗ್ರಾಣ ಸೇರಿದುವು. ಹಾಗೆ ಗುಜರಿಗೆ ಬಂದ ಒಂದನ್ನು ಹಿರಿಯರು ತೂಕದ ಬೆಲೆಗೆ ತಂದು, ಆತುರದಿಂದ ವಿದ್ಯುತ್ತಿಗೆ ಜೋಡಿಸಿದರು. ಕ್ಷಣಾರ್ಧದಲ್ಲಿ ಢಮ್ಮೆಂದು ಸದ್ದಾಗಿ ಕೊಠಡಿಯ ತುಂಬ ಹೊಗೆ ತುಂಬಿತು. ಆ ಯಂತ್ರದ ವಿದ್ಯುತ್ ಪೆಟ್ಟಿಗೆಯಲ್ಲಿರುವ ಕಾಗದದ ಕೆಪಾಸಿಟರಿನ ಪಾರದರ್ಶಕ ಹೊದಿಕೆ ವಯಸ್ಸಾದಂತೆ ಬಿರುಕು ಬಿಟ್ಟು, ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ದಶಕಗಳ ಬಳಿಕ ವಿದ್ಯುತ್ತು ಹರಿದಾಗ ಸಿಡಿಯುತ್ತದೆ. ಬಲ್ಲವರು ಅದನ್ನು ಮೊದಲೇ ಕಿತ್ತು ಹೊಸದನ್ನು ಹಾಕುತ್ತಾರೆ. ಅಂದಿನಿಂದ ಯಾವ ಹಳೆಯ ಯಂತ್ರವನ್ನೂ ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದವರಲ್ಲ. ನಡುವೆ ಒಂದು ಸೀರೀಸ್ ಬಲ್ಬು ಇಟ್ಟು ಪರೀಕ್ಷಿಸುತ್ತಾರೆ. ಒಳಗೆ ಎಲ್ಲಿಯಾದರೂ ತಂತಿ ಕೂಡಿಕೊಂಡಿದ್ದರೆ ಬಲ್ಬು ಪ್ರಖರವಾಗಿ ಉರಿದು ಎಚ್ಚರಿಸುತ್ತದೆ, ಯಂತ್ರ ಉಳಿಯುತ್ತದೆ.

ಬಿಡಿಭಾಗಗಳಿಗೆ ಅವರು ಸಾದರ ಪತ್ರಪ್ಪ ರಸ್ತೆಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯೆಂದರೆ ಮಕ್ಕಳಿಗೂ ತಿಳಿಯುತ್ತದೆ. ಪೂರ್ಣ ಹೆಸರು ಹೇಳಿದರೆ ಆಟೋದವರೂ ತಬ್ಬಿಬ್ಬಾಗುತ್ತಾರೆ. ಇ-ತ್ಯಾಜ್ಯದ ನಿಯಮಗಳು 2011ರಲ್ಲಿ ಪ್ರಕಟವಾಗಿ ಮರುವರ್ಷ ಜಾರಿಗೆ ಬಂದುವು. ಆದರೂ ಹಳೆಯ ಹಲಗೆಗಳನ್ನು ಆಮ್ಲದಲ್ಲಿ ಅದ್ದಿ ಅಂಚಿನ ಚಿನ್ನದ ಲೇಪ ತೆಗೆಯುವವರು ಇಲ್ಲವಾಗಿಲ್ಲ. ಹಿರಿಯರಿಗೂ ಗುಜರಿಯವರಿಗೂ ಇರುವ ಸ್ಪರ್ಧೆ ಇದೇ. ಅವರಿಗೆ ಹಲಗೆಯೆಂದರೆ ಮಿಲಿಗ್ರಾಂ ಚಿನ್ನ, ಇವರಿಗೆ ಹಲಗೆಯೆಂದರೆ ಹಲಗೆ.

ಇಂಥವರ ಬಳಿಗೆ 2023ರ ಮಳೆಗಾಲದಲ್ಲಿ ಆರ್.ಟಿ. ನಗರದಿಂದ ಒಬ್ಬ ವೃದ್ಧೆ ಮೊಮ್ಮಗನೊಡನೆ ಆಟೋದಲ್ಲಿ ಬಂದರು. ಜೊತೆಗೆ ಒಂದು ಗಣಕ, ಒಂಬತ್ತು ಸೂಜಿಗಳ ಮುದ್ರಕ ಮತ್ತು ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತು ಫ್ಲಾಪಿಗಳು. ಆಕೆಯ ಯಜಮಾನರು ಕನ್ನಡ ಮೇಷ್ಟ್ರಾಗಿದ್ದವರು. ಬೆಂಗಳೂರಿನ ಉತ್ತರ ಭಾಗದ ಕೆರೆ, ಹೊಲ, ಕಣಗಳಿಗೆ ಸಂಬಂಧಿಸಿದ ಮಾತುಗಳನ್ನು ಊರೂರು ಸುತ್ತಿ ಕೂಡಿಹಾಕಿ, 1992ರಿಂದ ನಾಲ್ಕು ವರ್ಷ ಆ ಗಣಕದಲ್ಲಿ ತಾವೇ ಕೂತು ಅಕಾರಾದಿಯಾಗಿ ಬೆರಳಚ್ಚು ಮಾಡಿದ್ದರು. 1998ರಲ್ಲಿ ತೀರಿಕೊಂಡರು. ಕೈಬರಹದ ಚೀಟಿಗಳನ್ನು, ಗಣಕದಲ್ಲಿ ಏರಿಸಿ ಆಯಿತಲ್ಲ ಎಂದು, ಅವರೇ ಹಳೆಯ ಪತ್ರಿಕೆಗಳೊಂದಿಗೆ ಮಾರಿಬಿಟ್ಟಿದ್ದರಂತೆ. ವಿದ್ವಾಂಸರು ಮಾಡಬಾರದ ಕೆಲಸವನ್ನು ವಿದ್ವಾಂಸರೇ ಮಾಡುವುದು ಹೊಸತಲ್ಲ.

"ಅಟ್ಟದ ಮೇಲಿತ್ತಪ್ಪ, ಮನೆ ಒಡೆದು ಕಟ್ಟಿಸ್ತಾರಂತೆ. ಎಸೆಯೋದಕ್ಕೆ ಕೈ ಬರಲಿಲ್ಲ. ಇದರೊಳಗೆ ಏನಾದರೂ ಉಳಿದಿದೆಯೋ ನೋಡು" ಎಂದರು ಆಕೆ.

"ನೋಡ್ತೀನಮ್ಮ. ಮಾತು ಕೊಡೋದಿಲ್ಲ, ನೋಡ್ತೀನಿ" ಎಂದರು ಹಿರಿಯರು.

ಗಣಕವು 286 ಎಂಬ ಸಂಸ್ಕಾರಕವುಳ್ಳ ಎ.ಟಿ. ಜಾತಿಯದು. ಮುಚ್ಚಳ ತೆಗೆದಾಗ ರೋಗ ಕಣ್ಣಿಗೇ ಕಾಣುತ್ತಿತ್ತು. ಹಲಗೆಯ ಮೂಲೆಯಲ್ಲಿ ಬೆಸೆದಿದ್ದ ಪುಟ್ಟ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಒಡೆದು, ಒಳಗಿನ ಕ್ಷಾರ ಸೋರಿ, ಸುತ್ತಲ ತಾಮ್ರದ ಗೆರೆಗಳು ಹಸಿರು ಕಿಲುಬು ಹಿಡಿದಿದ್ದುವು. ಗಣಕ ನಿಂತಿರುವಾಗಲೂ ಅದರ ಗಡಿಯಾರ ನಡೆಯುತ್ತಿರಲೆಂದು ಇಟ್ಟ ಬ್ಯಾಟರಿಯದು. ಕಾಲವನ್ನು ಕಾಯಬೇಕಾದುದೇ ಯಂತ್ರವನ್ನು ತಿಂದಿತ್ತು. ಹಿತ್ತಾಳೆಯ ಚೊಂಬಿನ ಕಿಲುಬಿಗೆ ಹುಣಸೆಹಣ್ಣು ಹಾಕುವ ಮನೆವಾರ್ತೆಯ ಜ್ಞಾನ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಕ್ಷಾರವನ್ನು ಹುಳಿಯಿಂದ ಶಮನಗೊಳಿಸಬೇಕು. ಹಿರಿಯರು ಹತ್ತಿಯ ಕಡ್ಡಿಯನ್ನು ವಿನೆಗರಿನಲ್ಲಿ ಅದ್ದಿ ತಿಕ್ಕಿ, ನೀರಿನಿಂದಲೂ ಆಲ್ಕೋಹಾಲಿನಿಂದಲೂ ತೊಳೆದು, ಕಡಿದುಹೋಗಿದ್ದ ಗೆರೆಗಳನ್ನು ಕೂದಲೆಳೆಯಂಥ ತಂತಿಯಿಂದ ಒಂದೊಂದಾಗಿ ಜೋಡಿಸಿದರು. ಮೂರು ವಾರ ಹಿಡಿಯಿತು. ಹೊಸ ಹಲಗೆಯೊಂದನ್ನು ಹುಡುಕಿ ಹಾಕಬಹುದಿತ್ತಲ್ಲವೆ ಎಂದು ಕೇಳಿದವರಿಗೆ ಅವರು ಉತ್ತರ ಕೊಡಲಿಲ್ಲ. ಮುರಿದ ತಂತಿಯ ಕಡೆಗೆ ಭೂತಗನ್ನಡಿ ತಿರುಗಿಸಿದರು.

ಯಂತ್ರ ಎದ್ದಿತು. ತೆರೆಯ ಮೇಲೆ ಹಸಿರು ಅಕ್ಷರ ಮಿನುಗಿತು. ಅನರ್ಥವೂ ಆಗಲೇ ಸಂಭವಿಸಿತು. ವಾರಗಟ್ಟಲೆ ತಾಳ್ಮೆಯಿಂದ ದುಡಿದವರು, ಗೆದ್ದ ಸಂತೋಷದಲ್ಲಿ, ಡಬ್ಬಿಯಿಂದ ಕೈಗೆ ಸಿಕ್ಕ ಫ್ಲಾಪಿಯನ್ನು ನೋಡದೆಯೇ ಚಾಲಕದೊಳಗೆ ತಳ್ಳಿದರು. ಕರ್‍ರೆಂದು ಸದ್ದಾಯಿತು. ತಕ್ಷಣ ಹೊರಗೆಳೆದರೂ ತಡವಾಗಿತ್ತು. ಫ್ಲಾಪಿಯೆಂದರೆ ತೆಳುವಾದ ಪ್ಲಾಸ್ಟಿಕ್ ಬಿಲ್ಲೆಗೆ ಬಳಿದ ಕಬ್ಬಿಣದ ಆಕ್ಸೈಡಿನ ಕಂದು ಲೇಪ. ಬರಹವೆಲ್ಲ ಆ ಲೇಪದ ಕಾಂತತ್ವದಲ್ಲಿರುತ್ತದೆ. ಅಟ್ಟದ ತೇವಕ್ಕೆ ಅದರ ಮೇಲೆ ಬಿಳಿಯ ಬೂಷ್ಟು ಬೆಳೆದಿತ್ತು. ಓದುವ ತಲೆಗೆ ಬೂಷ್ಟು ಸಿಕ್ಕಿ, ತಿರುಗುವ ಬಿಲ್ಲೆಯ ಮೇಲೆ ಉಳಿಯಂತೆ ಕೆತ್ತಿ, ಉಂಗುರಾಕಾರದಲ್ಲಿ ಲೇಪ ಎದ್ದುಹೋಗಿತ್ತು. ದೀಪಕ್ಕೆ ಹಿಡಿದರೆ ಆಚೆಯ ಬೆಳಕು ಕಾಣುತ್ತಿತ್ತು. ಚೀಟಿಯಲ್ಲಿ ಮೇಷ್ಟ್ರ ಮುದ್ದಾದ ಅಕ್ಷರ: 'ತ–ನ'. ಆ ಫ್ಲಾಪಿ ಮತ್ತೆ ಓದಲು ಬರಲಿಲ್ಲ.

ಎರಡು ದಿನ ಅವರು ಮೇಲಿನ ಕೊಠಡಿಗೆ ಹೋಗಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿ, ಹೆಬ್ಬಾಳದಲ್ಲಿ ಇಳಿದು, ಆರ್.ಟಿ. ನಗರದ ಮನೆಗೆ ಹೋಗಿ ನಡೆದದ್ದನ್ನು ನಡೆದಂತೆಯೇ ಹೇಳಿದರು. ದೂರವಾಣಿಯಲ್ಲಿ ಹೇಳಬಹುದಾಗಿದ್ದ ಮಾತಲ್ಲ.

ವೃದ್ಧೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಟ್ಟದ ಮೇಲಿದ್ದಾಗ ಹತ್ತೂ ಹೋದ ಹಾಗೇ ಇತ್ತಲ್ಲಪ್ಪ. ಈಗ ಒಂದು ಹೋಗಿದೆ. ಮಿಕ್ಕದ್ದು ನೋಡು. ಕಾಫಿ ಕುಡಿದು ಹೋಗು" ಎಂದರು.

ಮಿಕ್ಕ ಒಂಬತ್ತನ್ನು ಅವರು ನೋಡಿಕೊಂಡ ರೀತಿ ತಾಳೆಗರಿಯನ್ನು ಶುದ್ಧಿಮಾಡುವವರು ಮೆಚ್ಚುವಂಥದು. ಹೊರಗವಸಿನ ಒಂದಂಚು ಕತ್ತರಿಸಿ ಬಿಲ್ಲೆಯನ್ನು ಹೊರತೆಗೆಯುವುದು, ಉಗುರು ಬೆಚ್ಚಗಿನ ನೀರಿನಲ್ಲಿ ಒಂದು ಹನಿ ಸೌಮ್ಯವಾದ ಸೋಪು ಹಾಕಿ ಬೆರಳ ತುದಿಯಿಂದ ತೊಳೆಯುವುದು, ನೆರಳಿನಲ್ಲಿ ಒಣಗಿಸಿ ಹೊಸ ಗವಸಿನೊಳಗೆ ಕೂರಿಸುವುದು, ಒಂದು ಓದಿದ ಮೇಲೆ ಚಾಲಕದ ತಲೆಯನ್ನು ಆಲ್ಕೋಹಾಲಿನಿಂದ ಒರೆಸಿಯೇ ಇನ್ನೊಂದನ್ನು ಹಾಕುವುದು. ಅಂಥ ಒಂದು ಬಿಲ್ಲೆಯಲ್ಲಿ ಮುಖಕ್ಕೆ 40ರಂತೆ ಎರಡು ಮುಖ, ಒಂದೊಂದು ವರ್ತುಲಕ್ಕೆ 9 ಖಂಡ, ಖಂಡಕ್ಕೆ 512 ಬೈಟು; ಒಟ್ಟು 3,68,640 ಬೈಟುಗಳು. ಏಳು ಫ್ಲಾಪಿಗಳು ಪೂರ್ಣವಾಗಿ ಓದಿಬಂದುವು. ಎರಡರಲ್ಲಿ ಅಲ್ಲಲ್ಲಿ ಖಂಡಗಳು ಲುಪ್ತವಾಗಿದ್ದುವು.

ಓದಿಬಂದರೂ ಕನ್ನಡ ಕಾಣಿಸಲಿಲ್ಲ. ತೆರೆಯ ತುಂಬ ಅಡ್ಡಗೆರೆ, ಉದ್ದಗೆರೆ, ಮೂಲೆಗೆರೆ, ನಡುನಡುವೆ ಗ್ರೀಕ್ ಅಕ್ಷರ. ದನ ನುಗ್ಗಿ ಮುರಿದ ಬೇಲಿಯಂತೆ. ಕಾರಣವನ್ನು ಸ್ವಲ್ಪ ವಿವರಿಸಬೇಕು. ಆಗಿನ ಗಣಕಕ್ಕೆ ಕನ್ನಡ ಬರುತ್ತಿರಲಿಲ್ಲ. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತು, 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ 'ಜಿಸ್ಟ್' ಎಂಬ ಹಲಗೆಯನ್ನು ಒಳಗೆ ಸಿಕ್ಕಿಸಿದರೆ ಭಾರತೀಯ ಲಿಪಿಗಳು ಮೂಡುತ್ತಿದ್ದುವು. ಅದು ಬಳಸುತ್ತಿದ್ದ ಇಸ್ಕಿ ಎಂಬ ಸಂಕೇತಕ್ರಮ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಕಕಾರದ ಸಂಖ್ಯೆ 179. ಲಿಪಿ ಕನ್ನಡವಾಗಲಿ, ತೆಲುಗಾಗಲಿ, ನಾಗರಿಯಾಗಲಿ ಕಕಾರಕ್ಕೆ ಅದೇ ಸಂಖ್ಯೆ. ವರ್ಣಮಾಲೆಯ ಏಕತೆಯನ್ನು ಯಂತ್ರವೂ ಒಪ್ಪಿದ ಈ ಸಂಗತಿಗೆ ಕೇಶಿರಾಜನೂ ತಲೆದೂಗುತ್ತಿದ್ದನು. ಜಿಸ್ಟ್ ಹಲಗೆ ನಡೆಯದಿದ್ದರೆ ಗಣಕವು ಅದೇ 179ನ್ನು ತನ್ನ ಹುಟ್ಟುಭಾಷೆಯಲ್ಲಿ ಓದಿ ಒಂದು ಉದ್ದಗೆರೆಯನ್ನು ಎಳೆಯುತ್ತದೆ. ವ್ಯಂಜನಗಳೆಲ್ಲ ಹೀಗೆ ಬೇಲಿಯ ಗೂಟಗಳಾಗಿ ನಿಂತಿದ್ದುವು.

ಸಂಖ್ಯೆಗಳ ಪಟ್ಟಿ ಹಿಡಿದು ಹಿರಿಯರು ಮೊದಲ ಸಾಲನ್ನು ಕಾಗದದ ಮೇಲೆ ಬಿಡಿಸಿದರು. 'ಕಪಿಲೆ' ಎಂಬ ಪದ ಬಂದಿತು. ಎತ್ತುಗಳಿಂದ ಬಾವಿಯ ನೀರೆತ್ತುವ ಸಾಧನ. ಆಮೇಲೆ ಜಿಸ್ಟ್ ಹಲಗೆಯನ್ನು ಕಿತ್ತು, ಕಪ್ಪಗಾಗಿದ್ದ ಅದರ ಅಂಚಿನ ಹಲ್ಲುಗಳನ್ನು ಶಾಲೆಯ ಮಕ್ಕಳು ಬಳಸುವ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದರು. ಇಷ್ಟು ಸಾಕಾಯಿತು. ಬೇಲಿಯೆಲ್ಲ ಕನ್ನಡವಾಯಿತು. ಪ್ರತಿಯೊಂದನ್ನೂ ಇಂದಿನ ಗಣಕಕ್ಕೆ ನಕಲು ಮಾಡಿದ್ದೂ ಆಯಿತು. ಯುನಿಕೋಡಿನ ಭಾರತೀಯ ಲಿಪಿಗಳ ಜೋಡಣೆ ಇಸ್ಕಿಯ ಕ್ರಮವನ್ನೇ ಅನುಸರಿಸಿರುವುದರಿಂದ ಪರಿವರ್ತನೆ ಕಷ್ಟವಾಗಲಿಲ್ಲ.

ಲುಪ್ತವಾದ ಖಂಡಗಳ ವಿಷಯದಲ್ಲಿ ಒಂದು ಪ್ರಶ್ನೆ ಎದ್ದಿತು. 'ರೋಣಗ' ಎಂಬಲ್ಲಿಗೆ ಒಂದು ಸಾಲು ಕಡಿದಿತ್ತು. ಮುಂದಿರಬೇಕಾದುದು 'ಲ್ಲು' ಎಂದು, ಅದು ತೆನೆ ತುಳಿಸುವ ಉರುಳುಗಲ್ಲೆಂದು, ಯಾರಿಗೂ ತಿಳಿಯುತ್ತದೆ. ಮೊಮ್ಮಗನು ತುಂಬಿಬಿಡಿ ಎಂದನು. ಹಿರಿಯರು ಒಪ್ಪಲಿಲ್ಲ. ಹೋದಷ್ಟು ಜಾಗಕ್ಕೆ ಚುಕ್ಕಿಗಳನ್ನಿಟ್ಟರು. ಗ್ರಂಥಸಂಪಾದನೆಯ ಪಾಠ ಅವರಿಗೆ ಯಾರೂ ಹೇಳಿದ್ದಿಲ್ಲ. ಆದರೂ ಲಿಪಿಕಾರನು ಕವಿಯಾಗಬಾರದೆಂಬ ವಿವೇಕವಿತ್ತು.

ಮುದ್ರಕಕ್ಕೆ ಹೆಚ್ಚು ಶ್ರಮವಾಗಲಿಲ್ಲ. ಅಂಟಿಕೊಂಡಿದ್ದ ಎರಡು ಸೂಜಿಗಳನ್ನು ಬಿಡಿಸಿ, ಹೊಸ ರಿಬ್ಬನ್ ಹಾಕಿದರು. ಕಾರ್ಬನ್ ಪ್ರತಿ ಬೇಕಾದ ಕಡೆ ಇಂಥ ಮುದ್ರಕಗಳು ಇಂದಿಗೂ ಬಳಕೆಯಲ್ಲಿರುವುದರಿಂದ ರಿಬ್ಬನ್ ಸಿಗುವುದು ಕಷ್ಟವಲ್ಲ. ಅಂಚಿನಲ್ಲಿ ತೂತುಗಳಿರುವ ಉದ್ದನೆಯ ಕಾಗದದ ಮೇಲೆ ಅದು ಕಿರ್ರೋ ಎಂದು ಕೂಗುತ್ತ ಮೇಷ್ಟ್ರ ಪದಗಳನ್ನು ಅಚ್ಚಿಸತೊಡಗಿದಾಗ, ಕುರ್ಚಿಯಲ್ಲಿ ಕುಳಿತಿದ್ದ ವೃದ್ಧೆ ಕಣ್ಣು ಮುಚ್ಚಿಕೊಂಡು ಕೇಳಿದರು. ರಾತ್ರಿ ಹನ್ನೊಂದಾದರೂ ಈ ಸದ್ದು ನಿಲ್ಲುತ್ತಿರಲಿಲ್ಲ, ಪಕ್ಕದ ಮನೆಯವರು ಬಂದು ಜಗಳವಾಡುತ್ತಿದ್ದರು ಎಂದರು.

ಆಮೇಲೆ ಕನ್ನಡಕ ಹಾಕಿಕೊಂಡು ಹಾಳೆಗಳನ್ನು ಓದತೊಡಗಿದರು. ಮಕಾರಕ್ಕೆ ಬಂದಾಗ ಬೆರಳು ನಿಂತಿತು. 'ಮೆದೆ: ಹುಲ್ಲಿನ ಬಣವೆ' ಎಂದು ಅಚ್ಚಾಗಿತ್ತು.

"ಇದು ತಪ್ಪು. ತೆನೆ ಇರೋ ಹಾಗೇ ಒಟ್ಟಿದರೆ ಮೆದೆ. ಬಡಿದ ಮೇಲೆ ಉಳಿಯೋ ಹುಲ್ಲು ಒಟ್ಟಿದರೆ ಬಣವೆ. ನಮ್ಮೂರಲ್ಲಿ ಹಾಗೇ ಅಂತಿದ್ದಿದ್ದು. ಆಗಲೇ ಹೇಳಿದ್ದೆ ಇವರಿಗೆ. ಕೇಳಲಿಲ್ಲ. ಇವರು ಪೇಟೆಯಲ್ಲಿ ಬೆಳೆದವರು."

ತಿದ್ದಲೇನಮ್ಮ ಎಂದು ಹಿರಿಯರು ಕೇಳಿದರು. ಬೇಡ, ಅವರು ಬರೆದದ್ದು ಇರಲಿ, ಕೆಳಗೆ ನಾನು ಹೇಳಿದ್ದು ಬರಿ ಎಂದರು ಆಕೆ. ಹಿರಿಯರು ಅದಕ್ಕಾಗಿ ಬೇರೆಯೇ ಒಂದು ನೋಟ್‌ಬುಕ್ಕನ್ನು ತಂದು, ಫ್ಲಾಪಿಯಿಂದ ಬಂದುದಕ್ಕೂ ಬಾಯಿಂದ ಬಂದುದಕ್ಕೂ ಬೆರಕೆಯಾಗದಂತೆ, ಮೊದಲ ಪುಟದಲ್ಲಿ ಆಕೆಯ ಹೆಸರು, ಊರು, ತಾರೀಖನ್ನು ಬರೆದರು. ಮೆದೆಯನ್ನು ಬರೆದ ಮೇಲೆ, ಕಳೆದುಹೋದ 'ತ–ನ' ಭಾಗದಲ್ಲಿ ಏನೇನಿದ್ದೀತು ಎಂದು ಇಬ್ಬರೂ ಯೋಚಿಸತೊಡಗಿದರು. ತೂಬು ನೆನಪಾಯಿತು. ನೊಗ ನೆನಪಾಯಿತು. ನೀರುಗಂಟಿಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಆಕೆಯ ತಾತನೇ ಕೆರೆಯ ನೀರುಗಂಟಿಯಾಗಿದ್ದವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಬಾಯಲ್ಲಿತ್ತು, ಆ ಕೆರೆಯ ಅಂಗಳದಲ್ಲಿ ಈಗ ಬಡಾವಣೆಯಿದೆ. ಮಿಕ್ಕದ್ದನ್ನು ಬರುವ ಗುರುವಾರ ಹೇಳುತ್ತೇನೆಂದು ಆಕೆ ಎದ್ದರು. ಅನಂತರವೂ ಗುರುವಾರಗಳಲ್ಲಿ ಬರುತ್ತಿದ್ದಾರೆ. ನೋಟ್‌ಬುಕ್ಕಿನಲ್ಲಿ ಅರವತ್ತೆಂಟು ಪದಗಳಾಗಿವೆ.