ಕಾಸಿಗೆ ತಕ್ಕ ಕಾರ್ಡು

ಗ್ರಾಫಿಕ್ಸ್ ಕಾರ್ಡಿನ ಆಯ್ಕೆ ಶುರುವಾಗಬೇಕಾದ್ದು ಅಂಗಡಿಯಲ್ಲಲ್ಲ, ಮನೆಯ ಮೇಜಿನ ಮೇಲಿರುವ ಮಾನಿಟರಿನಲ್ಲಿ. 1920×1080 ಅಳತೆಯ ಪರದೆಯಾದರೆ ಒಂದೊಂದು ಫ್ರೇಮಿಗೂ ಸುಮಾರು 20 ಲಕ್ಷ ಪಿಕ್ಸೆಲ್‌ಗಳ ಬಣ್ಣ ಲೆಕ್ಕ ಹಾಕಬೇಕು. 2560×1440ಕ್ಕೆ ಸುಮಾರು 37 ಲಕ್ಷ. 4ಕೆ ಪರದೆಗೆ 83 ಲಕ್ಷದ ಹತ್ತಿರ. ಮಾನಿಟರ್ 60 ಹರ್ಟ್ಸಿನದಾದರೆ ಅದು ಸೆಕೆಂಡಿಗೆ ತೋರಿಸುವುದು 60 ಫ್ರೇಮು ಮಾತ್ರ. 140 ಫ್ರೇಮು ಕೊಡಬಲ್ಲ ಕಾರ್ಡನ್ನು ಅದಕ್ಕೆ ಜೋಡಿಸಿದರೆ ಹೆಚ್ಚಿನ ದುಡಿಮೆಯ ಬಹುಪಾಲು ಬಿಸಿಗಾಳಿಯಾಗಿ ಹೊರಬೀಳುತ್ತದೆ. ಪತ್ರ ಟೈಪು ಮಾಡಿ ಸಿನಿಮಾ ನೋಡುವವರಿಗಂತೂ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕು. ಅವರಿಗೆ ಕಾರ್ಡೇ ಬೇಡ.

ಬೇಕು ಎಂದು ಇತ್ಯರ್ಥವಾದವರಿಗೆ ಈ ಹವ್ಯಾಸದ ಸೊಗಸಿರುವುದು ಡಬ್ಬಿಯ ಮೇಲಿನ ಹೆಸರನ್ನು ನಂಬದಿರುವುದರಲ್ಲಿ. 2017ರಲ್ಲಿ ಎನ್‌ವಿಡಿಯಾ ತಂದ ಜಿಟಿ 1030 ಎಂಬ ಪುಟ್ಟ ಕಾರ್ಡಿನಲ್ಲಿ ಜಿಡಿಡಿಆರ್5 ಮೆಮೊರಿ ಇತ್ತು. ಅದರ ಸಾಗಾಟ ಸೆಕೆಂಡಿಗೆ 48 ಗಿಗಾಬೈಟ್. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಇನ್ನೊಂದು ಬಂತು, ಸಾಗಾಟ 16.8ಕ್ಕೆ ಇಳಿದಿತ್ತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. ಜಿಟಿಎಕ್ಸ್ 1060ರ ಕಥೆಯೂ ಹೀಗೇ. 3 ಜಿಬಿಯದಕ್ಕೂ 6 ಜಿಬಿಯದಕ್ಕೂ ವ್ಯತ್ಯಾಸ ಮೆಮೊರಿಯದಷ್ಟೇ ಎಂದು ಕೊಳ್ಳುವವನು ತಿಳಿದರೆ, ಒಳಗೆ ಕೋರ್‌ಗಳೂ 1280ರಿಂದ 1152ಕ್ಕೆ ಇಳಿದಿರುತ್ತಿದ್ದವು.

ಇಂಥದ್ದನ್ನು ಹಿಡಿಯಲು ತಾಂತ್ರಿಕ ವಿವರಗಳ ಪಟ್ಟಿಯಲ್ಲಿ ಎರಡು ಅಂಕಿ ಹುಡುಕಿದರೆ ಸಾಕು: ಮೆಮೊರಿ ಬಸ್ಸಿನ ಅಗಲ, ಮೆಮೊರಿಯ ವೇಗ. ಇವೆರಡನ್ನು ಗುಣಿಸಿ 8ರಿಂದ ಭಾಗಿಸಿದರೆ ಸಾಗಾಟ ಸಿಗುತ್ತದೆ. 12 ಜಿಬಿಯ ಆರ್‌ಟಿಎಕ್ಸ್ 3060ಕ್ಕೆ 192 ಬಿಟ್, 15 ಗಿಗಾಬಿಟ್. ಗುಣಿಸಿ ಭಾಗಿಸಿದರೆ 360 ಗಿಗಾಬೈಟ್. ಆಮೇಲೆ ಬಂದ 8 ಜಿಬಿಯ 3060ಕ್ಕೆ 128 ಬಿಟ್, ಅಂದರೆ 240. ಮೂರನೇ ಒಂದು ಪಾಲು ಮಾಯ, ಹೆಸರು ಮಾತ್ರ ಅದೇ. ಬೆರಳ ತುದಿಯಲ್ಲಿ ಮುಗಿಯುವ ಈ ಲೆಕ್ಕ ಒಮ್ಮೆ ರೂಢಿಯಾದರೆ ಜಾಹೀರಾತು ಓದುವುದೇ ಒಂದು ಮೋಜು. ಆದರೆ ಒಂದು ತಲೆಮಾರಿನ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿದರೆ ಅದೂ ದಾರಿ ತಪ್ಪಿಸುತ್ತದೆ. 2023ರ ಆರ್‌ಟಿಎಕ್ಸ್ 4060ರ ಸಾಗಾಟ 272 ಮಾತ್ರ. ಆದರೂ ಸಾಮಾನ್ಯವಾಗಿ ಅದು 12 ಜಿಬಿಯ 3060ನ್ನು ಹಿಂದಿಕ್ಕುತ್ತದೆ. ಹೊಸ ಚಿಪ್ಪು ಹೆಚ್ಚಿನ ವೇಗದಲ್ಲಿ ಓಡುವುದು ಒಂದು ಕಾರಣ. ಚಿಪ್ಪಿನೊಳಗಿನ ಎಲ್2 ಕ್ಯಾಶೆ 3ರಿಂದ 24 ಮೆಗಾಬೈಟಿಗೆ ಏರಿ, ಹೊರಗಿನ ಮೆಮೊರಿಗೆ ಪದೇ ಪದೇ ಹೋಗಬೇಕಾದ ಪ್ರಸಂಗ ತಪ್ಪಿರುವುದು ಇನ್ನೊಂದು.

ಮೆಮೊರಿಯ ಗಾತ್ರದ ವಿಷಯ ಬೇರೆ. ಅದು ಸಾಕಾಗುವಷ್ಟು ದಿನ ಯಾರಿಗೂ ಅದರ ನೆನಪಾಗುವುದಿಲ್ಲ. ತುಂಬಿದ ಕೂಡಲೇ ಕಾರ್ಡು ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ ಕಡ ತರತೊಡಗುತ್ತದೆ, ಆಟ ತಡವರಿಸುತ್ತದೆ. ಸರಾಸರಿ ಫ್ರೇಮಿನ ಅಂಕಿಯಲ್ಲಿ ಈ ತಡವರಿಕೆ ಮುಚ್ಚಿಹೋಗಬಹುದು. ಹಾಗಾಗಿ ವಿಮರ್ಶೆ ಓದುವವರು ಸರಾಸರಿಯ ಪಕ್ಕದಲ್ಲಿ ಕೊಡುವ ‘1 ಪರ್ಸೆಂಟ್ ಲೋ’, ಅಂದರೆ ತೀರ ನಿಧಾನದ ಫ್ರೇಮುಗಳ, ಅಂಕಿಯನ್ನು ಮೊದಲು ನೋಡುತ್ತಾರೆ. ನಾಲ್ಕೈದು ವರ್ಷ ಇಟ್ಟುಕೊಳ್ಳುವ ಇರಾದೆ ಇದ್ದವರು 8 ಜಿಬಿಗೆ ತೃಪ್ತರಾಗದಿರುವುದು ಲೇಸು.

ಅಗ್ಗದ ಕಾರ್ಡುಗಳಿಗೆ ವಿಚಿತ್ರವಾದ ಒಂದು ಶಾಪವಿದೆ. ಅವುಗಳನ್ನು ಕೊಳ್ಳುವವರಲ್ಲಿ ಹಳೆಯ ಯಂತ್ರದವರೇ ಹೆಚ್ಚು, ಹಳೆಯ ಯಂತ್ರದಲ್ಲೇ ಅವು ಸೊರಗುವುದೂ ಹೆಚ್ಚು. ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ 2022ರ ಜನವರಿಯಲ್ಲಿ ಬಂದಾಗ, ಕಾರ್ಡನ್ನು ಮದರ್‌ಬೋರ್ಡಿಗೆ ಬೆಸೆಯುವ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್ 4.0ರ ನಾಲ್ಕೇ ಲೇನ್ ಬಳಸುತ್ತಿತ್ತು. 3.0 ಇರುವ ಹಳೆಯ ಮದರ್‌ಬೋರ್ಡಿನಲ್ಲಿ ಆ ದಾರಿ ಅರ್ಧಕ್ಕಿಳಿಯುತ್ತದೆ. 4 ಜಿಬಿ ಮೆಮೊರಿ ಬೇಗ ತುಂಬಿ ಕಡ ತರಬೇಕಾದ್ದೂ ಅದೇ ದಾರಿಯಲ್ಲಿ. 2024ರ ಡಿಸೆಂಬರಿನಲ್ಲಿ ಇಂಟೆಲ್ ಬಿಟ್ಟ ಆರ್ಕ್ ಬಿ580 ಬೆಲೆಗೆ ಹೋಲಿಸಿದರೆ ಉದಾರವಾಗಿತ್ತು: ಆಗ 249 ಡಾಲರಿಗೆ 12 ಜಿಬಿ. ಆದರೆ ಅದರ ಡ್ರೈವರ್ ಪ್ರೊಸೆಸರಿನ ಮೇಲೆ ಹೊರೆ ಹಾಕುತ್ತದೆಂಬುದು ಹಳೆಯ ಪ್ರೊಸೆಸರ್‌ಗಳ ಪರೀಕ್ಷೆಯಲ್ಲಿ ಬಯಲಾಯಿತು. ರೀಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದ ಬೋರ್ಡಿಗಂತೂ ಅದು ಹೇಳಿಸಿದ್ದಲ್ಲ.

ಬೆಲೆ ತೂಗುವ ಕ್ರಮ ಸರಳ: ರೂಪಾಯಿಯನ್ನು ಫ್ರೇಮಿನಿಂದ ಭಾಗಿಸುವುದು. ತೀರ ಕೆಳಗಿನ ಕಾರ್ಡು ಈ ಲೆಕ್ಕದಲ್ಲಿ ಗೆಲ್ಲುವುದು ಅಪರೂಪ. ಫಲಕ, ಫ್ಯಾನು, ಡಬ್ಬಿ, ಸಾಗಣೆಯ ಖರ್ಚು ಅದಕ್ಕೂ ಇದ್ದೇ ಇದೆ. ತೀರ ಮೇಲಿನದು ಶೋಕಿ. ಡಾಲರ್ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಹಿಗ್ಗುವವರು 18 ಪರ್ಸೆಂಟ್ ಜಿಎಸ್‌ಟಿಯನ್ನು ಮರೆಯಬಾರದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಲ್ಲಿಲ್ಲದ ಬೆಲೆಯೂ ಕಿವಿಗೆ ಬೀಳಬಹುದು. ವಾರಂಟಿ ಕೇಳಲು ಹೋದ ದಿನ ಉಪಯೋಗಕ್ಕೆ ಬರುವುದು ಬಿಲ್ಲೇ. ಪವರ್ ಸಪ್ಲೈ ಬದಲಿಸಬೇಕಾದರೆ ಆ ಖರ್ಚೂ ಕಾರ್ಡಿನ ಖಾತೆಗೇ ಸೇರಬೇಕು. ಮದರ್‌ಬೋರ್ಡಿನ ಸ್ಲಾಟು ಕೊಡುವುದು ಹೆಚ್ಚೆಂದರೆ 75 ವಾಟ್, 6 ಪಿನ್ನಿನ ಕೇಬಲ್ ಇನ್ನೊಂದು 75, 8 ಪಿನ್ನಿನದು 150. ಕೇಬಲ್ಲೇ ಬೇಡದ ಜಿಟಿಎಕ್ಸ್ 1050 ಟಿಐ ಹಳೆಯ ಆಫೀಸು ಕಂಪ್ಯೂಟರುಗಳಿಗೆ ಅಷ್ಟು ಒಗ್ಗಿದ್ದು ಇದೇ ಕಾರಣಕ್ಕೆ.

ನಿಜವಾದ ಬೇಟೆ ನಡೆಯುವುದು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋ ಹಣವು ಗ್ರಾಫಿಕ್ಸ್ ಕಾರ್ಡುಗಳಿಂದ ನಡೆಯುತ್ತಿದ್ದ ಮೈನಿಂಗನ್ನು ಕೈಬಿಟ್ಟಿತು; ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಮಾರಾಟಕ್ಕೆ ಬಂದವು. ಮೈನಿಂಗಿನ ಕಾರ್ಡೆಂದು ಮೂಗು ಮುರಿಯುವವರಿದ್ದಾರೆ. ಆದರೆ ಒಂದೇ ಬಿಸಿಯಲ್ಲಿ ನಿಂತು ಓಡಿದ ಚಿಪ್ಪಿಗಿಂತ ಫ್ಯಾನಿನ ಬೇರಿಂಗೂ ಮೆಮೊರಿ ಮೇಲಿನ ಥರ್ಮಲ್ ಪ್ಯಾಡೂ ಬೇಗ ಸವೆಯುತ್ತವೆ, ಅವೆರಡನ್ನೂ ಬದಲಿಸಬಹುದು. ನಕಲಿಯ ಭಯ ಅದಕ್ಕಿಂತ ದೊಡ್ಡದು: ಹಳೆಯ ಕಾರ್ಡಿಗೆ ಬೇರೆ ಬಯೋಸ್ ತುಂಬಿ ಹೊಸ ಹೆಸರಿನಲ್ಲಿ ಮಾರುವವರಿದ್ದಾರೆ. ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶ ಇಂಥ ಹಲವು ನಕಲಿಗಳನ್ನು ಹಿಡಿಯುತ್ತದೆ. ಆರ್‌ಎಕ್ಸ್ 580 ಎಂದು ಕೊಟ್ಟಿದ್ದರಲ್ಲಿ 2304 ಶೇಡರ್ ಇವೆಯೋ 2048 ಮಾತ್ರವೋ ಎಂಬುದೂ ಅದರಲ್ಲೇ ಕಾಣುತ್ತದೆ. ಆಮೇಲೆ ಫರ್‌ಮಾರ್ಕ್ ಹಚ್ಚಿ ಒಂದಿಷ್ಟು ಹೊತ್ತು ಕಾಯಿಸಿ, ಪರದೆಯಲ್ಲಿ ಬಣ್ಣದ ಚುಕ್ಕೆ ಏಳುತ್ತದೆಯೇ, ಫ್ಯಾನು ಕಿರುಗುಟ್ಟುತ್ತದೆಯೇ ನೋಡಬೇಕು. ಹಣ ಎಣಿಸುವುದು ಅದಾದ ಮೇಲೆ. ಪರೀಕ್ಷೆಗೆ ಒಪ್ಪದ ಮಾರಾಟಗಾರನ ಬಳಿ ಚೌಕಾಸಿಗೂ ನಿಲ್ಲಬೇಕಾಗಿಲ್ಲ.