ಮೂರು ಮೂಲೆಯ ಹೂರಣ

2024ರ ಮಾರ್ಚ್ ತಿಂಗಳಿನಲ್ಲಿ ಕೆಲವು ದಿನ ಮಗಳ ಮನೆಯಲ್ಲಿರಲೆಂದು ಅಮೆರಿಕೆಗೆ ಹೋಗಿದ್ದೆನು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಬರೋ ಪಾರ್ಕ್ ಎಂಬ ಬಡಾವಣೆಯಿದೆ. ಸಂಪ್ರದಾಯನಿಷ್ಠ ಯೆಹೂದ್ಯರು ಬಹುಸಂಖ್ಯೆಯಲ್ಲಿ ನೆಲೆಸಿರುವ ಸ್ಥಳವದು. ಅಂಗಡಿಯ ಹಲಗೆಗಳ ಮೇಲೆ ಹೀಬ್ರೂ ಅಕ್ಷರಗಳು, ಬೀದಿಯಲ್ಲಿ ಯಿದ್ದಿಷ್ ಮಾತು, ಕರಿಯ ನಿಲುವಂಗಿ ತೊಟ್ಟ ಗಂಡಸರು. ಅಲ್ಲಿ ಒಂದೇ ಮನೆತನದವರು ಮೂರು ತಲೆಮಾರಿನಿಂದ ನಡೆಸುತ್ತಿರುವ ಚಿಕ್ಕ ಬೇಕರಿಯೊಂದಕ್ಕೆ ಅಳಿಯಂದಿರು ನನ್ನನ್ನು ಕರೆದೊಯ್ದರು. ಅಂದು 21ನೆಯ ತಾರೀಖು, ಗುರುವಾರ.

ಗಾಜಿನ ಕಪಾಟಿನ ತುಂಬ ಒಂದೇ ತಿನಿಸು. ಹೆಸರು ಹಾಮಂತಾಶೆನ್. ಕಣಕವನ್ನು ಲಟ್ಟಿಸಿ, ದುಂಡಗೆ ಕತ್ತರಿಸಿ, ನಡುವೆ ಹಣ್ಣಿನ ಹೂರಣವಿಟ್ಟು, ಅಂಚನ್ನು ಮೂರು ಕಡೆಯಿಂದ ಮಡಿಸಿ ಮೂಲೆಗಳನ್ನು ಚಿವುಟುತ್ತಾರೆ. ನಮ್ಮ ಕರಿಗಡುಬಿಗೆ ಬಾಯಿ ಮುಚ್ಚದಿದ್ದರೆ ಕೆಲಸ ಕೆಟ್ಟಿತು; ಇದಕ್ಕಾದರೋ ನಡುವಿನ ಬಾಯಿ ತೆರೆದೇ ಇರಬೇಕು, ಹೂರಣ ಕಾಣಬೇಕು. ಎಣ್ಣೆಯಲ್ಲಿ ಕರಿಯುವುದಿಲ್ಲ, ಒಲೆಯಲ್ಲಿ ಬೇಯಿಸುತ್ತಾರೆ.

ಇದು ಪೂರಿಮ್ ಹಬ್ಬದ ತಿನಿಸು. ಅವರದೂ ತಿಂಗಳಿಗೆ ಚಂದ್ರನ ಲೆಕ್ಕವೇ, ಅಧಿಕಮಾಸವೂ ಉಂಟು. ಆದ್ದರಿಂದ ಆ ವರ್ಷ ಈ ಹಬ್ಬ ನಮ್ಮ ಹೋಳಿ ಹುಣ್ಣಿಮೆಯ ಸನಿಹದಲ್ಲೇ, 24ರ ಭಾನುವಾರ ಬಂದಿತ್ತು. ಪಾರಸಿಕ ದೊರೆಯ ಮಂತ್ರಿ ಹಾಮಾನನು ಯೆಹೂದ್ಯರೆಲ್ಲರನ್ನೂ ಕೊಲ್ಲಿಸಲು ಚೀಟಿ ಎತ್ತಿ ದಿನ ಗೊತ್ತುಮಾಡಿದನೆಂದೂ, ರಾಣಿ ಎಸ್ತೇರಳು ಪ್ರಾಣದ ಹಂಗು ತೊರೆದು ದೊರೆಯ ಮುಂದೆ ನಿಂತು ತನ್ನವರನ್ನು ಉಳಿಸಿದಳೆಂದೂ ಅವರ ಗ್ರಂಥ ಹೇಳುತ್ತದೆ. ಪೂರ್ ಎಂದರೆ ಆ ಚೀಟಿ. ಹಾಮಂತಾಶೆನ್ ಎಂದರೆ ಹಾಮಾನನ ಜೇಬುಗಳು. ಹೀಬ್ರೂವಿನಲ್ಲಿ ಇದನ್ನೇ ಹಾಮಾನನ ಕಿವಿಗಳೆಂದು ಕರೆಯುತ್ತಾರೆ. ವೈರಿಯ ಹೆಸರಿನಲ್ಲಿ ಸಿಹಿ ಮಾಡಿ ತಿನ್ನುವ ಈ ವಿನೋದ ನನಗೆ ಹಿಡಿಸಿತು.

ಹೂರಣಗಳಲ್ಲಿ ಗಸಗಸೆಯದು ಹಳೆಯದು. ಪ್ಲಮ್ ಹಣ್ಣನ್ನು ಗಟ್ಟಿಯಾಗುವವರೆಗೆ ಕುದಿಸಿದ ಹೂರಣಕ್ಕೆ ಬೇರೆಯೇ ಕಥೆಯಿದೆ. 1731ರಲ್ಲಿ ಬೊಹೀಮಿಯಾದ ಊರೊಂದರಲ್ಲಿ ಡೇವಿಡ್ ಬ್ರಾಂಡೈಸ್ ಎಂಬ ಯೆಹೂದ್ಯ ವರ್ತಕನ ಅಂಗಡಿಯಿಂದ ಪುಸ್ತಕಕ್ಕೆ ರಟ್ಟು ಕಟ್ಟುವವನೊಬ್ಬನ ಮಗಳು ಈ ಪ್ಲಮ್ ಪಾಕವನ್ನು ಕೊಂಡೊಯ್ದಳು. ಮನೆಯವರಿಗೆ ಕಾಯಿಲೆಯಾಯಿತು, ಕೆಲವು ದಿನಗಳಲ್ಲಿ ತಂದೆ ತೀರಿಕೊಂಡನು. ವಿಷವಿಕ್ಕಿದನೆಂದು ವರ್ತಕನನ್ನೂ, ಅವನ ಹೆಂಡತಿಯನ್ನೂ, ಮಗನನ್ನೂ ಸೆರೆಗೆ ತಳ್ಳಿದರು. ವಿಚಾರಣೆ ನಡೆದಾಗ ಆ ಮನುಷ್ಯನು ಸತ್ತದ್ದು ಕ್ಷಯದಿಂದ ಎಂದು ತಿಳಿಯಿತು. ಪೂರಿಮ್‌ಗೆ ನಾಲ್ಕು ದಿನ ಮುಂಚೆ ಬಿಡುಗಡೆಯಾಯಿತು. ಆ ಮನೆತನದವರು ಪ್ರತಿವರ್ಷ ಆ ದಿನವನ್ನು ಪ್ಲಮ್ ಪಾಕದ ಪೂರಿಮ್ ಎಂದೇ ಆಚರಿಸಿದರು. ಹಬ್ಬದ ತಿನಿಸಿಗೆ ಪ್ಲಮ್ ಸೇರಿದ್ದು ಹೀಗೆಂದು ಹೇಳುವುದುಂಟು.

ಅಂಗಡಿಯ ಹಿರಿಯರು ಬಿಸಿಬಿಸಿಯಾದದ್ದೊಂದನ್ನು ಕಾಗದದ ಮೇಲಿಟ್ಟು ನನ್ನ ಮುಂದೆ ಹಿಡಿದರು. ಕಣಕಕ್ಕೆ ಮೊಟ್ಟೆ ಸೇರಿದೆಯೇ ಎಂದು ಕೇಳಿದೆನು. ಸೇರಿದೆ. ಹಾಲಾಗಲಿ ಮಾಂಸವಾಗಲಿ ಇಲ್ಲದ ತಿನಿಸಿಗೆ ಅವರು ಪಾರ್ವೆ ಎನ್ನುತ್ತಾರೆ. ಮೊಟ್ಟೆ ಆ ವರ್ಗಕ್ಕೆ ಸೇರುತ್ತದೆ. ಒಂದೊಂದು ಮೊಟ್ಟೆಯನ್ನೂ ಬೇರೆ ಲೋಟದಲ್ಲಿ ಒಡೆದು, ರಕ್ತದ ಕಲೆಯಿದ್ದರೆ ಎಸೆಯುತ್ತೇವೆಂದು ತೋರಿಸಿದರು. ಹುಳುವಿರಬಾರದೆಂದು ಹಿಟ್ಟನ್ನು ಜರಡಿ ಹಿಡಿಯುತ್ತಾರೆ. ಇಷ್ಟು ಕಟ್ಟುನಿಟ್ಟಿನ ಮಡಿಯ ಎದುರಿಗೆ ನನ್ನ ಮಡಿ ಒಪ್ಪಲಿಲ್ಲ. ಎಳವೆಯಿಂದ ಮಠದ ಪ್ರಸಾದದಲ್ಲಿ ಬೆಳೆದವನಿಗೆ ನೀಡಿದ್ದನ್ನು ಬೇಡವೆನ್ನುವುದೇ ಅಪಚಾರವೆನಿಸುತ್ತದೆ. ತಲೆ ತಗ್ಗಿಸಿ ಕಾರಣ ಹೇಳಿದೆನು.

ಅವರು ನಕ್ಕುಬಿಟ್ಟರು. ಬೆಳಗಿನಿಂದ ತಾವೂ ಹನಿ ನೀರು ಕುಡಿದಿಲ್ಲವೆಂದರು. ಎಸ್ತೇರಳ ಹೆಸರಿನ ಉಪವಾಸವು ಹಬ್ಬದ ಹಿಂದಿನ ದಿನ ಬರತಕ್ಕದ್ದು. ಆ ವರ್ಷ ಅದು ಶನಿವಾರದ ವಿಶ್ರಾಂತಿ ದಿನವಾದ್ದರಿಂದ ಗುರುವಾರಕ್ಕೆ ಬಂದಿತ್ತು. ಒಲೆಯ ಮುಂದೆ, ಸಿಹಿಯ ಗಮಗಮದ ನಡುವೆ, ಇರುಳಾಗುವವರೆಗೆ ಬಾಯಿಗೆ ಏನನ್ನೂ ಹಾಕದೆ ಊರಿಗೆಲ್ಲ ಹಬ್ಬದೂಟ ಸಿದ್ಧಪಡಿಸುತ್ತಿದ್ದ ಆ ವೃದ್ಧರನ್ನು ಕಂಡು ಮನಸ್ಸು ತುಂಬಿತು.

ಆಮೇಲೆ ಒಳಗೆ ಹೋಗಿ ಗಸಗಸೆಯ ಹೂರಣವನ್ನು ಡಬ್ಬಿಯಲ್ಲಿ ತುಂಬಿ ತಂದರು. ಗಸಗಸೆ, ಸಕ್ಕರೆ, ಒಣದ್ರಾಕ್ಷಿ, ನಿಂಬೆಯ ಸಿಪ್ಪೆ, ಇಷ್ಟೇ. ಮೊಟ್ಟೆಯಿಲ್ಲವೆಂದು ಎರಡು ಬಾರಿ ಹೇಳಿದರು. ಮತ್ತೇನೋ ನೆನಪಾಗಿ ಒಂದು ಕಿತ್ತಳೆಯನ್ನೂ ಜೊತೆಗಿಟ್ಟರು. ಹಬ್ಬದಂದು ಒಬ್ಬರಿಗಾದರೂ ಎರಡು ಬಗೆಯ ತಿನಿಸು ಕಳುಹಿಸಬೇಕು, ಇಬ್ಬರು ಬಡವರಿಗಾದರೂ ದಾನ ಮಾಡಬೇಕೆಂಬುದು ಅವರ ವಿಧಿ. "ಹಬ್ಬ ಇನ್ನೂ ಬಂದಿಲ್ಲ, ಇದು ಲೆಕ್ಕಕ್ಕೆ ಸೇರದು, ಆದರೂ ಎರಡಿರಲಿ" ಎಂದರು. ಹಣ ಮುಟ್ಟಲಿಲ್ಲ.

ರಾತ್ರಿ ಮಗಳು ಗೋದಿಯ ಕಣಕ ಕಲಸಿ ಆ ಹೂರಣದಿಂದ ಕಡುಬು ಮಾಡಹೊರಟಳು. ಮೊಮ್ಮಗನು ಅಂಗಡಿಯಲ್ಲಿದ್ದಂತೆಯೇ ಮೂರು ಮೂಲೆ ಮಾಡಬೇಕೆಂದು ಹಟ ಹಿಡಿದನು. ಬಾಯಿ ತೆರೆದ ಕಡುಬು ಬಾಣಲೆಗೆ ಬಿದ್ದೊಡನೆ ಅರ್ಧ ಗಸಗಸೆ ಎಣ್ಣೆಯ ಪಾಲಾಯಿತು. ಉಳಿದದ್ದನ್ನು ನಾವು ನಾಲ್ವರೂ ಹಂಚಿಕೊಂಡೆವು.